'ಪಾಸಿಟಿವ್' ಎಂದರೇನು? – ಎ.ಎನ್.ಎ. ರಕ್ತಪರೀಕ್ಷೆಯ ಪರಿಚಯ

ಕನ್ನಡ ಪಾಠ ಹೇಳುವವರಿಗೆ ರಕ್ತಪರೀಕ್ಷೆಯ ಉಸಾಬರಿ ಏಕೆ ಎಂದು ನಮ್ಮ ವಿದ್ಯಾರ್ಥಿ ಮಿತ್ರರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಗೋವೆಯಲ್ಲಿ ಕನ್ನಡ ಶಾಲೆಯ ಮಾಸ್ತರರಾದವರಿಗೆ ಪಾಠದ ಜೊತೆಗೆ ಇನ್ನೊಂದು ಕೆಲಸವೂ ತಾನಾಗಿ ಅಂಟಿಕೊಳ್ಳುತ್ತದೆ. ಅದು ಕಾಗದ ಓದಿ ಹೇಳುವ ಕೆಲಸ. ವಾಸ್ಕೋ, ಬೈನಾ, ಜುವಾರಿನಗರಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳ ತಂದೆತಾಯಿಗಳಲ್ಲಿ ಬಹಳ ಮಂದಿ ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಮೆಗಾಗಿ ಬಂದವರು. ಇಲ್ಲಿ ಡಾಕ್ಟರು ಮಾತನಾಡುವುದು ಕೊಂಕಣಿಯಲ್ಲಿ, ರಿಪೋರ್ಟು ಬರುವುದು ಇಂಗ್ಲಿಷಿನಲ್ಲಿ, ಕಾಯಿಲೆ ಬೀಳುವುದು ಮಾತ್ರ ಕನ್ನಡದಲ್ಲಿ. ಆದ್ದರಿಂದ ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಎಲ್ಲವೂ ನಮ್ಮ ಮೇಜಿನ ಮೇಲೆ ಬರುತ್ತವೆ.

ಮಳೆಗಾಲದ ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಂಥದೇ ಒಂದು ಕಾಗದ ತಂದಳು. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಳು.

"ಸರ, ಇದನ್ನ ಸ್ವಲ್ಪ ಓದಿ ಹೇಳ್ರಿ. ಪಾಸಿಟಿವ್ ಅಂತ ಬರದಾರ್ರಿ. ನಮ್ಮವ್ವಗ ದೊಡ್ಡ ರೋಗ ಐತೇನ್ರಿ?"

ಆಕೆಯ ತಾಯಿಗೆ ಕ್ಷಯರೋಗದ ಚಿಕಿತ್ಸೆ ನಡೆದಿದ್ದುದು ನಮಗೆ ಗೊತ್ತಿತ್ತು. ಎರಡನೆಯ ತಿಂಗಳಲ್ಲಿ ಕೈಕಾಲಿನ ಕೀಲುಗಳೆಲ್ಲ ನೋಯತೊಡಗಿದಾಗ ಯಾರೋ ಹೇಳಿದರೆಂದು ಒಂದು ಖಾಸಗಿ ಪ್ರಯೋಗಶಾಲೆಗೆ ಹೋಗಿ, 'ಕೀಲುನೋವಿನ ಪರೀಕ್ಷೆಗಳು' ಎಂದು ಒಟ್ಟಿಗೆ ಮಾಡುವ ಹತ್ತಾರು ಪರೀಕ್ಷೆಗಳನ್ನು ಮಾಡಿಸಿಕೊಂಡಿದ್ದರು. ಅವುಗಳಲ್ಲಿ ಒಂದರ ಮುಂದೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಎ.ಎನ್.ಎ., ಪಾಸಿಟಿವ್, 1:80.

ನಾವು ಆ ದಿನ ಮಾಡಿದ್ದು ಸರಿಯಾದ ಕೆಲಸವಲ್ಲ. ಕಾಗದದ ಮೇಲೆ ಕಣ್ಣಾಡಿಸಿ, ಫೋನಿನಲ್ಲಿ ಏನನ್ನೋ ಹುಡುಕಿ, ಮುಖ ಗಂಭೀರ ಮಾಡಿಕೊಂಡು, "ಲೂಪಸ್ ಅಂತ ಒಂದು ರೋಗ ಇದೆಯಮ್ಮ, ಅದಕ್ಕೆ ಈ ಪರೀಕ್ಷೆ. ದೊಡ್ಡ ಡಾಕ್ಟರಿಗೆ ತೋರಿಸಬೇಕು" ಎಂದುಬಿಟ್ಟೆವು. ಹುಡುಗಿ ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನ ನಾವೇ ಅವರ ಮನೆಗೆ ಹೋದಾಗ ತಂದೆ ಗಂಟುಮೂಟೆ ಕಟ್ಟುತ್ತಿದ್ದರು.

"ಗುಳಿಗಿ ನುಂಗಿದ್ದಕ್ಕ ರಕ್ತದಾಗ ಹಿಂಗಾತು ಅಂತ ಮಂದಿ ಅಂತಾರ್ರಿ ಸರ. ಅದಕ್ಕ ಬಿಡಿಸೀನ್ರಿ. ಊರಿಗೆ ಕರಕೊಂಡು ಹೋಗಿಬಿಡ್ತೀನಿ. ಇಕಿನೂ ಬರ್ತಾಳ, ಅವ್ವನ್ನ ನೋಡಾಕ ಯಾರರ ಬೇಕಲ್ರಿ."

ಕ್ಷಯದ ಮಾತ್ರೆಯನ್ನು ನಡುವೆ ನಿಲ್ಲಿಸಿದರೆ ಏನಾಗುತ್ತದೆಂಬುದು ನಮ್ಮ ಪುಸ್ತಕಗಳಲ್ಲೇ ಇದೆ. ಸಾಯದೆ ಉಳಿದ ರೋಗಾಣುಗಳು ಮತ್ತೆ ಬೆಳೆಯುತ್ತವೆ, ಔಷಧಕ್ಕೆ ಬಗ್ಗದಂತೆಯೂ ಆಗಬಹುದು, ಮನೆಮಂದಿಗೂ ಹರಡಬಹುದು. ಒಂದು ಶಬ್ದದ ಅರ್ಥ ತಿಳಿಯದೆ ಒಂದು ಮನೆ ಇಷ್ಟು ದೂರ ಬಂದು ನಿಂತಿತ್ತು. ಶಬ್ದಾರ್ಥ ಹೇಳುವುದೇ ಕಸುಬಾಗಿರುವ ನಾವೇ ಅದಕ್ಕೆ ಕಾರಣರಾಗಿದ್ದೆವು. ಅಂದಿನಿಂದ ಈ ಪರೀಕ್ಷೆಯ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ಸಂಗ್ರಹಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೆಸರು. ಎ.ಎನ್.ಎ. ಎಂದರೆ ಆಂಟಿನ್ಯೂಕ್ಲಿಯರ್ ಆಂಟಿಬಾಡಿ. ಕನ್ನಡದಲ್ಲಿ ಹೇಳುವುದಾದರೆ ಕೋಶಕೇಂದ್ರ ವಿರೋಧಿ ಪ್ರತಿಕಾಯ. ನಮ್ಮ ದೇಹಕ್ಕೆ ಹೊರಗಿನ ರೋಗಾಣುಗಳು ನುಗ್ಗಿದಾಗ ರಕ್ತದಲ್ಲಿ ಅವುಗಳಿಗೆ ಎದುರಾಗಿ ಹುಟ್ಟುವ ಒಂದು ಬಗೆಯ ಪ್ರೋಟೀನುಗಳೇ ಪ್ರತಿಕಾಯಗಳು. ಪ್ರತಿಯೊಂದು ಪ್ರತಿಕಾಯವೂ ತನ್ನ ಗುರಿಯನ್ನು ಬೀಗಕ್ಕೆ ಬೀಗದಕೈಯಂತೆ ಹುಡುಕಿ ಅಂಟಿಕೊಳ್ಳುತ್ತದೆ. ಆದರೆ ಕೆಲವು ಸಲ ದೇಹವು ತನ್ನದೇ ಜೀವಕೋಶಗಳ ಕೇಂದ್ರದಲ್ಲಿರುವ ವಸ್ತುಗಳಿಗೆ ಅಂಟುವ ಪ್ರತಿಕಾಯಗಳನ್ನೂ ತಯಾರಿಸುತ್ತದೆ. ದೇಹ ಇಂಥ ಆತ್ಮಘಾತುಕ ಕೆಲಸ ಮಾಡಲಾರದು ಎಂದು ಜರ್ಮನಿಯ ಮಹಾವಿಜ್ಞಾನಿ ಪಾಲ್ ಏರ್ಲಿಕ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತರ್ಕಿಸಿದ್ದರು. ಅವರಂಥವರ ಮಾತಾದ್ದರಿಂದ ಬಹಳ ವರ್ಷ ಅದನ್ನು ಯಾರೂ ಅಲುಗಿಸಲಿಲ್ಲ.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಹಾರ್ಗ್ರೇವ್ಸ್, ರಿಚ್ಮಂಡ್, ಮಾರ್ಟನ್ ಎಂಬ ಮೂವರು ಲೂಪಸ್ ರೋಗಿಗಳ ಅಸ್ಥಿಮಜ್ಜೆಯಲ್ಲಿ ಒಂದು ವಿಚಿತ್ರ ಬಿಳಿಯ ರಕ್ತಕಣವನ್ನು ಕಂಡ ಸಂಗತಿಯನ್ನು ಪ್ರಕಟಿಸಿದರು. ಆ ಕಣ ಇನ್ನೊಂದು ಕೋಶದ ಕೇಂದ್ರವನ್ನೇ ನುಂಗಿ ಉಬ್ಬಿಕೊಂಡಿತ್ತು. ಕೋಶಕೇಂದ್ರಕ್ಕೆ ಅಂಟುವ ಏನೋ ಒಂದು ರಕ್ತದಲ್ಲಿದೆ ಎಂಬ ಸುಳಿವು ಹೀಗೆ ಸಿಕ್ಕಿತು. 1957ರಲ್ಲಿ ಜಾರ್ಜ್ ಫ್ರಿಯೂ ಹೊಳೆಯುವ ಬಣ್ಣದ ಸಹಾಯದಿಂದ ಅದನ್ನು ಕಣ್ಣಿಗೆ ಕಾಣಿಸುವ ವಿಧಾನವನ್ನು ತೋರಿಸಿದರು. ಇಂದಿಗೂ ಮುಖ್ಯ ವಿಧಾನ ಅದೇ.

ಲೂಪಸ್ ಎಂಬುದು ಲ್ಯಾಟಿನ್ ಶಬ್ದ. ತೋಳ ಎಂದು ಅರ್ಥ. ಮುಖದ ಚರ್ಮವನ್ನು ತೋಳ ಕಚ್ಚಿದಂತೆ ಹುಣ್ಣು ಮಾಡುವ ರೋಗಕ್ಕೆ ಹಳೆಯ ಕಾಲದವರು ಇಟ್ಟ ಹೆಸರಿದು. ಹೆಸರು ಕೇಳಿದರೇ ಹೆದರುವಂತಿದೆ. ರೋಗವೂ ಸಣ್ಣದಲ್ಲ. ದೇಹದ ಪ್ರತಿಕಾಯಗಳೇ ಕೀಲು, ಚರ್ಮ, ಮೂತ್ರಪಿಂಡ, ರಕ್ತಕಣಗಳಿಗೆ ಎರವಾಗುವ ರೋಗ. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು. ಚಿಕಿತ್ಸೆ ಇದೆ, ಹೊತ್ತಿಗೆ ಸರಿಯಾಗಿ ಸಿಕ್ಕರೆ ಬಹುಮಂದಿ ಚೆನ್ನಾಗಿ ಬಾಳುತ್ತಾರೆ.

ಇನ್ನು ಪರೀಕ್ಷೆ ನಡೆಯುವ ಬಗೆ. ತೋಳಿನಿಂದ ತೆಗೆದ ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲೆ ನಿಲ್ಲುವ ತಿಳಿಯನ್ನು ಬೇರ್ಪಡಿಸುತ್ತಾರೆ. ಅದೇ ಸೀರಮ್. ಮಾನವ ಜೀವಕೋಶಗಳನ್ನು ಬೆಳೆಸಿ ಅಂಟಿಸಿದ ಗಾಜಿನ ಚೂರಿನ ಮೇಲೆ ಈ ಸೀರಮ್ಮಿನ ಹನಿಯನ್ನು ಹಾಕಿ ಸುಮಾರು ಅರ್ಧ ಗಂಟೆ ಬಿಟ್ಟು ತೊಳೆಯುತ್ತಾರೆ. ರಕ್ತದಲ್ಲಿ ಎ.ಎನ್.ಎ. ಇದ್ದರೆ ಅದು ಆ ಕೋಶಗಳ ಕೇಂದ್ರಕ್ಕೆ ಅಂಟಿಕೊಂಡು, ತೊಳೆದರೂ ಹೋಗದೆ ಉಳಿಯುತ್ತದೆ. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಅದನ್ನು ಹಿಡಿಯಬಲ್ಲ ಇನ್ನೊಂದು ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ಮೇಲೆ ಸುರಿಯುತ್ತಾರೆ. ಮತ್ತೆ ತೊಳೆದು, ಕತ್ತಲೆಯ ಕೋಣೆಯಲ್ಲಿ ವಿಶೇಷ ದೀಪವಿರುವ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಕೋಶಕೇಂದ್ರಗಳು ಎಳೆ ಹಸಿರಾಗಿ ಬೆಳಗುತ್ತವೆ. ಬೆಳಗಿದರೆ ಪಾಸಿಟಿವ್, ಬೆಳಗದಿದ್ದರೆ ನೆಗೆಟಿವ್. ಇಷ್ಟೇ.

ಆ ಗಾಜಿನ ಮೇಲಿನ ಜೀವಕೋಶಗಳ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಹಿಂದೆ ಇಲಿಯ ಯಕೃತ್ತಿನ ತುಣುಕುಗಳನ್ನು ಬಳಸುತ್ತಿದ್ದರು. ಆಮೇಲೆ ಹೆಪ್-2 ಎಂಬ ಮಾನವ ಕೋಶಗಳು ಬಂದವು. ಇವುಗಳ ಕೇಂದ್ರ ದೊಡ್ಡದು, ನೋಡಲು ಸುಲಭ. ಯಾವುದೋ ರೋಗಿಯ ಗಂಟಲಿನ ಅರ್ಬುದದಿಂದ ಬಂದವೆಂದು ಇವುಗಳನ್ನು ಬಹುಕಾಲ ನಂಬಲಾಗಿತ್ತು. ಪರೀಕ್ಷಿಸಿ ನೋಡಿದಾಗ ಅವು ಪ್ರಯೋಗಶಾಲೆಯಲ್ಲಿ ಬೆರೆತುಹೋದ ಹೀಲಾ ಕೋಶಗಳೆಂದು ತಿಳಿದುಬಂತು. ಹೀಲಾ ಕೋಶಗಳು ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಹೆಣ್ಣುಮಗಳ ದೇಹದಿಂದ ಬಾಲ್ಟಿಮೋರ್ ನಗರದಲ್ಲಿ ಆಕೆಗೆ ತಿಳಿಸದೆಯೇ ತೆಗೆದವು. ಆಕೆ 1951ರಲ್ಲಿ ತನ್ನ 31ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಕೋಶಗಳು ಇನ್ನೂ ಬೆಳೆಯುತ್ತಲೇ ಇವೆ. ವಾಸ್ಕೋದ ಒಬ್ಬ ಕೂಲಿ ಹೆಂಗಸಿನ ರಕ್ತವನ್ನು ಪರೀಕ್ಷಿಸಲು ಆ ತಾಯಿಯ ಕೋಶಗಳು ಬೇಕಾದವೆಂದು ತಿಳಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆವು.

ಇರಲಿ. ಈಗ 1:80 ಎಂಬ ಲೆಕ್ಕಕ್ಕೆ ಬರೋಣ. ಮನೆಯಲ್ಲಿ ಬಿಳಿಯ ಬಟ್ಟೆಗೆ ನೀಲಿ ಹಾಕುವುದನ್ನು ನೋಡಿದ್ದೀರಲ್ಲ? ಒಂದು ಲೋಟ ನೀಲಿನೀರಿಗೆ ಒಂದು ಲೋಟ ನೀರು ಬೆರೆಸಿದರೆ ಬಣ್ಣ ತೆಳುವಾಗುತ್ತದೆ. ಅದನ್ನು ಮತ್ತೆ ಎರಡರಷ್ಟು ಮಾಡಿದರೆ ಇನ್ನೂ ತೆಳು. ಹೀಗೆ ಎಷ್ಟು ಸಲ ತೆಳುಮಾಡಿದರೂ ನೀಲಿ ಕಾಣುತ್ತಿದ್ದರೆ ಮೊದಲಿನ ಲೋಟದಲ್ಲಿ ನೀಲಿ ಅಷ್ಟು ಹೆಚ್ಚಿತ್ತೆಂದು ಅರ್ಥ. ಸೀರಮ್ಮನ್ನೂ ಹೀಗೆಯೇ 40 ಪಟ್ಟು, 80 ಪಟ್ಟು, 160, 320, 640 ಪಟ್ಟು ಎಂದು ತೆಳುಮಾಡುತ್ತ ಹೋಗುತ್ತಾರೆ. ಹಸಿರು ಹೊಳಪು ಕಾಣುವ ಕೊನೆಯ ಹಂತವನ್ನೇ ಬರೆಯುತ್ತಾರೆ. ಇದಕ್ಕೆ ಟೈಟರ್ ಎಂದು ಹೆಸರು. ಆದ್ದರಿಂದ 1:80 ಎಂಬುದು 1:40ಕ್ಕಿಂತ ಒಂದೇ ಮೆಟ್ಟಿಲು ಮೇಲು. 1:1280 ಎಂಬುದು ಬಹಳ ಮೇಲು. ನಮ್ಮ ಹುಡುಗಿಯ ತಂದೆ 80 ಎಂಬುದನ್ನು ನೂರಕ್ಕೆ 80 ಎಂದು ತಿಳಿದಿದ್ದರು! ಅಂಕಪಟ್ಟಿ ನೋಡಿ ಅಭ್ಯಾಸವಾದವರಿಗೆ ಹಾಗೆ ಅನಿಸುವುದು ಸಹಜ.

ಈ ಮೆಟ್ಟಿಲುಗಳಲ್ಲಿ ಯಾವುದರಿಂದ ಭಯ ಪಡಬೇಕು? ಇಂಗ್ ತಾನ್ ಎಂಬ ವಿಜ್ಞಾನಿಯೂ ಹಲವು ದೇಶಗಳ 15 ಪ್ರಯೋಗಶಾಲೆಗಳವರೂ ಸೇರಿ ಆರೋಗ್ಯವಂತರ ರಕ್ತವನ್ನೇ ಪರೀಕ್ಷಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವ ರೋಗವೂ ಇಲ್ಲದವರಲ್ಲಿ 1:40ರ ಮಟ್ಟದಲ್ಲಿ ನೂರಕ್ಕೆ ಸುಮಾರು 32 ಮಂದಿ ಪಾಸಿಟಿವ್! 1:80ರಲ್ಲಿ ಸುಮಾರು 13 ಮಂದಿ, 1:160ರಲ್ಲಿ 5 ಮಂದಿ, 1:320ರಲ್ಲಿಯೂ 3 ಮಂದಿ. ಅಂದರೆ ನೂರು ಮಂದಿ ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿ ರಕ್ತ ತೆಗೆದರೆ ಹದಿಮೂರು ಮಂದಿಯ ಕೈಗೆ ಈ ತಾಯಿಗೆ ಸಿಕ್ಕಂಥದೇ ಕಾಗದ ಸಿಗುತ್ತದೆ.

ಗಣಿತದಲ್ಲಿ ಆಸಕ್ತಿಯುಳ್ಳವರು ಇನ್ನೊಂದು ಲೆಕ್ಕ ಮಾಡಿ ನೋಡಿರಿ. ದಿಲ್ಲಿಯ ಸಮೀಪ ನಡೆದು 1993ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು ಮೂವರಲ್ಲಿ ಲೂಪಸ್ ಕಂಡುಬಂದಿತ್ತು. ಒಂದು ಲಕ್ಷ ಜನರಿಗೆ ಈ ಪರೀಕ್ಷೆ ಮಾಡಿಸಿದರೆ 1:80ರಲ್ಲಿ ಸುಮಾರು 13,000 ಪಾಸಿಟಿವ್ ಬರುತ್ತವೆ. ಅವರಲ್ಲಿ ಲೂಪಸ್ ಇರುವವರು ಮೂವರು. ಆ ಮೂರನ್ನು ಹತ್ತು ಪಟ್ಟು ಮಾಡಿ ಮೂವತ್ತು ಎಂದಿಟ್ಟುಕೊಂಡರೂ, ನಾಲ್ಕು ನೂರಕ್ಕೂ ಹೆಚ್ಚು ಪಾಸಿಟಿವ್ ಕಾಗದಗಳಿಗೆ ಒಂದು ಲೂಪಸ್ ಮಾತ್ರ ಸಿಗುತ್ತದೆ. ನಮ್ಮ ಗಣಿತದ ಮಾಸ್ತರರು ಈ ಲೆಕ್ಕ ನೋಡಿ, "ಹಾಗಾದರೆ ಪರೀಕ್ಷೆ ಏಕೆ ಮಾಡುತ್ತಾರ್ರೀ?" ಎಂದು ಕೇಳಿದರು.

ಅದಕ್ಕೆ ಉತ್ತರ ಈ ಪರೀಕ್ಷೆಯ ಇನ್ನೊಂದು ಮುಖದಲ್ಲಿದೆ. ಲೂಪಸ್ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಎ.ಎನ್.ಎ. ಪಾಸಿಟಿವ್ ಇರುತ್ತದೆ. ಆದ್ದರಿಂದ ಪರೀಕ್ಷೆ ನೆಗೆಟಿವ್ ಬಂದರೆ ಡಾಕ್ಟರು ಲೂಪಸ್ಸನ್ನು ಬಹುಮಟ್ಟಿಗೆ ಮನಸ್ಸಿನಿಂದ ತೆಗೆದುಹಾಕಬಹುದು. 'ಇಲ್ಲ' ಎಂದಾಗ ಅದರ ಮಾತಿಗೆ ಬೆಲೆ ಹೆಚ್ಚು, 'ಇದೆ' ಎಂದಾಗ ಬೆಲೆ ಕಡಿಮೆ. ಯೂರೋಪು ಮತ್ತು ಅಮೆರಿಕದ ತಜ್ಞರು 2019ರಲ್ಲಿ ಲೂಪಸ್ಸನ್ನು ವರ್ಗೀಕರಿಸಲು ಮಾಡಿದ ನಿಯಮಗಳಲ್ಲಿ 1:80 ಅಥವಾ ಅದಕ್ಕಿಂತ ಮೇಲಿನ ಎ.ಎನ್.ಎ. ಬಾಗಿಲಲ್ಲಿ ತೋರಿಸುವ ಟಿಕೇಟು ಮಾತ್ರ. ಒಳಗೆ ಹೋದ ಮೇಲೆ ಜ್ವರ, ಚರ್ಮ, ಕೀಲು, ಮೂತ್ರಪಿಂಡ, ರಕ್ತಕಣಗಳ ಲಕ್ಷಣಗಳಿಗೆ ಬೇರೆ ಬೇರೆ ಅಂಕಗಳಿವೆ. ಟಿಕೇಟು ಕೊಂಡವರೆಲ್ಲ ನಾಟಕದಲ್ಲಿ ಪಾತ್ರಧಾರಿಗಳಲ್ಲವಷ್ಟೆ.

ನಮ್ಮ ಜನರನ್ನು ದಾರಿ ತಪ್ಪಿಸಿದ್ದು 'ಪಾಸಿಟಿವ್' ಶಬ್ದವೇ. 2020ರ ಕೋವಿಡ್ ಕಾಲದಲ್ಲಿ ಈ ಶಬ್ದ ಮನೆಮನೆಗೆ ಬಂತು. ಆಗ ಪಾಸಿಟಿವ್ ಎಂದರೆ ವೈರಸ್ಸು ಮೈಯಲ್ಲಿ ಸಿಕ್ಕಿತೆಂದು ಅರ್ಥ. ಎ.ಎನ್.ಎ.ಯಲ್ಲಿ ಹಾಗಲ್ಲ. ಇಲ್ಲಿ ಸಿಕ್ಕಿದ್ದು ರೋಗವೂ ಅಲ್ಲ, ರೋಗಾಣುವೂ ಅಲ್ಲ, ಒಂದು ಬಗೆಯ ಪ್ರತಿಕಾಯ ಅಷ್ಟೇ. ಅದು ಏಕೆ ಬಂತೆಂಬುದು ಬೇರೆ ಪ್ರಶ್ನೆ.

ಏಕೆ ಬರುತ್ತದೆ? ಕಾರಣಗಳು ಬಹಳ. ವಯಸ್ಸಾದಂತೆ ಆರೋಗ್ಯವಂತರಲ್ಲಿಯೂ ಇದು ಹೆಚ್ಚು ಕಾಣುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಲೂಪಸ್ ರೋಗಿಯ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ರೋಗವಿಲ್ಲದೆಯೂ ಇರಬಹುದು. ಥೈರಾಯ್ಡ್ ಗ್ರಂಥಿಯ ಕೆಲವು ಕಾಯಿಲೆಗಳಲ್ಲಿ, ಯಕೃತ್ತಿನ ಕೆಲವು ಕಾಯಿಲೆಗಳಲ್ಲಿ ಇರುತ್ತದೆ. ನಮ್ಮ ದೇಶದವರು ಮುಖ್ಯವಾಗಿ ಗಮನಿಸಬೇಕಾದದ್ದು ಸೋಂಕುಗಳನ್ನು. ಕ್ಷಯ, ಕುಷ್ಠ, ಮಲೇರಿಯಾ, ಕಾಮಾಲೆ ತರುವ ಕೆಲವು ವೈರಸ್ಸುಗಳು ಇವೆಲ್ಲ ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸಿದಾಗ ಆ ಗದ್ದಲದಲ್ಲಿ ಎ.ಎನ್.ಎ.ಯೂ ಹುಟ್ಟಬಹುದು. ಆಫ್ರಿಕದ ಮಲೇರಿಯಾ ಪ್ರದೇಶಗಳಲ್ಲಿ ಲೂಪಸ್ ಇಲ್ಲದವರ ರಕ್ತದಲ್ಲಿಯೂ ಇದು ಕಂಡದ್ದುಂಟು. ಗೋವೆಯಲ್ಲಿಯೂ 1980ರ ದಶಕದ ಉತ್ತರಾರ್ಧದಲ್ಲಿ, ಪಣಜಿಯಲ್ಲಿ ಕಟ್ಟಡಗಳು ಏಳತೊಡಗಿದಾಗ, ಮಲೇರಿಯಾ ತಲೆಯೆತ್ತಿತ್ತು. ಆ ಕಾಲದಲ್ಲಿ ಗಾರೆ ಹೊತ್ತ ನಮ್ಮ ಹಿರಿಯರಿಗೆ ಚಳಿಜ್ವರದ ಅನುಭವ ಚೆನ್ನಾಗಿಯೇ ಇದೆ.

ಔಷಧಗಳೂ ಕಾರಣವಾಗುತ್ತವೆ. ರಕ್ತದೊತ್ತಡಕ್ಕೆ ಕೊಡುವ ಹೈಡ್ರಲಜೀನ್, ಮೀಥೈಲ್‌ಡೋಪಾ, ಹೃದಯದ ಬಡಿತ ಸರಿಪಡಿಸುವ ಪ್ರೊಕೈನಮೈಡ್, ಮೊಡವೆಗೆ ಕೊಡುವ ಮಿನೋಸೈಕ್ಲೀನ್, ಮೂರ್ಛೆರೋಗದ ಕೆಲವು ಮಾತ್ರೆಗಳು, ಕ್ಷಯಕ್ಕೆ ಕೊಡುವ ಐಸೋನಯಜಿಡ್ ಇವು ಆ ಪಟ್ಟಿಯಲ್ಲಿವೆ. ಐಸೋನಯಜಿಡ್ ತೆಗೆದುಕೊಳ್ಳುವವರಲ್ಲಿ ಗಣನೀಯ ಸಂಖ್ಯೆಯವರಿಗೆ ಎ.ಎನ್.ಎ. ಪಾಸಿಟಿವ್ ಆಗುತ್ತದೆ. ಆದರೆ ಅದರಿಂದ ನಿಜವಾಗಿ ಲೂಪಸ್‌ನಂಥ ಕಾಯಿಲೆಯಾಗುವವರು ತೀರ ವಿರಳ. ಹಾಗೆ ಆದರೂ ಮಾತ್ರೆ ಬದಲಿಸುವುದು ಡಾಕ್ಟರ ಕೆಲಸ. ಅಂಥ ಕಾಯಿಲೆ ಔಷಧ ನಿಂತ ಮೇಲೆ ಸಾಮಾನ್ಯವಾಗಿ ಇಳಿದುಹೋಗುತ್ತದೆ, ಕಾಗದದ ಮೇಲಿನ ಪಾಸಿಟಿವ್ ಮಾತ್ರ ಇನ್ನೂ ಬಹಳ ತಿಂಗಳು ಉಳಿಯಬಹುದು. ಹುಡುಗಿಯ ತಂದೆಗೆ ಮಂದಿ ಹೇಳಿದ್ದರಲ್ಲಿ ಒಂದು ಎಳೆ ನಿಜ ಇತ್ತು. ಅರ್ಧ ನಿಜ ಪೂರ್ಣ ಸುಳ್ಳಿಗಿಂತ ಹೆಚ್ಚು ದೂರ ಎಳೆದೊಯ್ಯುತ್ತದೆ.

ಇವು ರೋಗಿಯ ಕಡೆಯ ಕಾರಣಗಳು. ಪ್ರಯೋಗಶಾಲೆಯ ಕಡೆಯ ಕಾರಣಗಳೂ ಉಂಟು. ಸೂಕ್ಷ್ಮದರ್ಶಕದಲ್ಲಿ ಹೊಳಪನ್ನು ಅಳೆಯುವುದು ಮನುಷ್ಯನ ಕಣ್ಣು. ಒಬ್ಬರಿಗೆ ಮಂದವಾಗಿ ಕಂಡದ್ದು ಇನ್ನೊಬ್ಬರಿಗೆ ಹೊಳೆಯುತ್ತದೆ. ದೀಪ ಹಳೆಯದಾಗಿರಬಹುದು, ಬಣ್ಣದ ದ್ರಾವಣ ಬೇರೆ ಕಂಪನಿಯದಾಗಿರಬಹುದು. ಒಂದು ಕಡೆ 1:40ರಿಂದ, ಇನ್ನೊಂದು ಕಡೆ 1:80ರಿಂದ ಅಥವಾ 1:100ರಿಂದ ಪಾಸಿಟಿವ್ ಎಂದು ಬರೆಯುತ್ತಾರೆ. ಹೀಗಾಗಿ ಎರಡು ಊರಿನ ಎರಡು ಕಾಗದಗಳು ಒಂದು ಮೆಟ್ಟಿಲಿನಷ್ಟು ಬೇರೆಯಾದರೆ ರೋಗ ಏರಿತು, ಇಳಿಯಿತು ಎಂದು ಲೆಕ್ಕ ಹಾಕಬಾರದು. ಕೆಲವು ಕಡೆ ಸೂಕ್ಷ್ಮದರ್ಶಕವನ್ನೇ ಬಳಸದೆ, ಎಲೈಸಾ ಎಂಬ ಯಂತ್ರದ ವಿಧಾನದಿಂದ ಪರೀಕ್ಷಿಸುತ್ತಾರೆ. ಅದರಲ್ಲಿ ಕೆಲವೇ ಆಯ್ದ ವಸ್ತುಗಳಿರುವುದರಿಂದ ಗಾಜಿನ ಮೇಲೆ ಕಂಡದ್ದು ಅಲ್ಲಿ ಕಾಣದೆಯೂ ಹೋಗಬಹುದು. ಆದ್ದರಿಂದ ಯಾವ ವಿಧಾನ ಎಂಬುದನ್ನು ಕಾಗದದಲ್ಲಿ ಹುಡುಕಿ ನೋಡುವುದು ಒಳ್ಳೆಯದು. ಈ ಒಂದು ಪರೀಕ್ಷೆಗಾಗಿ ಬೆಳಗಿನಿಂದ ಉಪವಾಸವಿರುವ ಅಗತ್ಯವಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಉಪವಾಸ ಮಾಡಲು ಕಾರಣಗಳು ಈಗಾಗಲೇ ಸಾಕಷ್ಟಿವೆ!

ಹೊಳಪಿನ ಮಾದರಿಯನ್ನೂ ಕಾಗದದಲ್ಲಿ ಬರೆದಿರುತ್ತಾರೆ. ಕೇಂದ್ರವೆಲ್ಲ ಒಂದೇ ಸಮನೆ ಬೆಳಗಿದರೆ ಒಂದು ಹೆಸರು, ರವೆ ಚೆಲ್ಲಿದಂತೆ ಚುಕ್ಕೆಚುಕ್ಕೆಯಾಗಿ ಬೆಳಗಿದರೆ ಇನ್ನೊಂದು. ಒತ್ತಾದ ಸಣ್ಣ ಚುಕ್ಕೆಗಳ ಒಂದು ಮಾದರಿಯಂತೂ ಆರೋಗ್ಯವಂತರಲ್ಲೇ ಹೆಚ್ಚಾಗಿ ಕಾಣುವಂಥದು. ಮಾದರಿ, ಟೈಟರ್, ರೋಗಿಯ ಲಕ್ಷಣ ಈ ಮೂರೂ ಸೇರಿ ಸಂಶಯ ಬಂದಾಗ ಡಾಕ್ಟರು ಡಿ.ಎನ್.ಎ. ವಿರೋಧಿ ಪ್ರತಿಕಾಯ, ಸ್ಮಿತ್ ಎಂಬ ರೋಗಿಯ ಹೆಸರಿನಿಂದ ಕರೆಯುವ ಪ್ರತಿಕಾಯ ಮೊದಲಾದ ಮುಂದಿನ ಪರೀಕ್ಷೆಗಳನ್ನು ಹೇಳುತ್ತಾರೆ. ಅವುಗಳ ಮಾತಿಗೆ ಬೆಲೆ ಹೆಚ್ಚು.

ಹಾಗೆಂದು ಪಾಸಿಟಿವ್ ಕಾಗದವನ್ನು ಒಲೆಗೆ ಹಾಕುವಂತೆಯೂ ಇಲ್ಲ. ಅಮೆರಿಕದ ಸೈನ್ಯದಲ್ಲಿ ಸಿಪಾಯಿಗಳ ಸೀರಮ್ಮನ್ನು ಶೇಖರಿಸಿಡುವ ಪದ್ಧತಿಯಿದೆ. ಮುಂದೆ ಲೂಪಸ್ ಆದ 130 ಮಂದಿಯ ಹಳೆಯ ಸೀರಮ್ಮನ್ನು ತೆಗೆದು ನೋಡಿದಾಗ, ನೂರಕ್ಕೆ 88 ಮಂದಿಯಲ್ಲಿ ರೋಗ ಗೊತ್ತಾಗುವ ಮೊದಲೇ, ಕೆಲವರಲ್ಲಿ ಒಂಬತ್ತು ವರ್ಷಗಳಷ್ಟು ಮೊದಲೇ, ಇಂಥ ಯಾವುದಾದರೊಂದು ಪ್ರತಿಕಾಯವಿತ್ತೆಂದು 2003ರಲ್ಲಿ ಪ್ರಕಟವಾಯಿತು. ಆದ್ದರಿಂದ ಕಾಗದವನ್ನು ಇಟ್ಟುಕೊಳ್ಳಬೇಕು. ಬಿಸಿಲಿಗೆ ಹೋದರೆ ಮುಖ ಕೆಂಪಾಗಿ ದದ್ದು ಏಳುವುದು, ಬಾಯಲ್ಲಿ ಮೇಲಿಂದ ಮೇಲೆ ಹುಣ್ಣು, ಕೂದಲು ತೀರ ಉದುರುವುದು, ಕೀಲುಗಳು ಬಾತುಕೊಳ್ಳುವುದು, ಚಳಿಗೆ ಬೆರಳುಗಳು ಬಿಳಿಚಿಕೊಳ್ಳುವುದು, ಮೂತ್ರದಲ್ಲಿ ನೊರೆ, ಕಾಲು ಊದುವುದು ಇಂಥವು ಕಂಡಾಗ ತಡಮಾಡದೆ ಡಾಕ್ಟರ ಬಳಿಗೆ ಹೋಗಿ ಆ ಕಾಗದ ತೋರಿಸಬೇಕು.

ಆ ದಿನ ನಾವು ಹುಡುಗಿಯ ತಂದೆತಾಯಿಗಳನ್ನು ಕರೆದುಕೊಂಡು, ಕ್ಷಯದ ಚಿಕಿತ್ಸೆ ಕೊಡುತ್ತಿದ್ದ ಸರ್ಕಾರಿ ವೈದ್ಯೆಯ ಬಳಿಗೇ ಹೋದೆವು. ಅವರು ಕೊಂಕಣಿಯಲ್ಲಿ ಕೇಳುವರು, ನಾವು ಕನ್ನಡಕ್ಕೆ ತರುವೆವು, ತಾಯಿ ಉತ್ತರಿಸುವರು. ಬಾಯಿ ತೆರೆಸಿ ನೋಡಿದರು, ಬೆರಳಿನ ಗೆಣ್ಣುಗಳನ್ನು ಒತ್ತಿದರು, ಮೂತ್ರವನ್ನೂ ರಕ್ತಕಣಗಳನ್ನೂ ಪರೀಕ್ಷಿಸಿದರು, ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿದರು. ಲೂಪಸ್ಸಿನ ಒಂದು ಲಕ್ಷಣವೂ ಇರಲಿಲ್ಲ. ಎ.ಎನ್.ಎ. ಕಾಗದವನ್ನು ಕೊನೆಯಲ್ಲಿ ನೋಡಿದರು. ನಾವು ಮೊದಲು ನೋಡಿದ್ದನ್ನು ಅವರು ಕೊನೆಗೆ ನೋಡಿದರೆಂಬುದು ನಮ್ಮ ಗಮನಕ್ಕೆ ಬಂತು.

ಕೀಲುನೋವಿಗೆ ಕಾರಣ ಬೇರೆಯೇ ಇತ್ತು. ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳದು. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ಮೂರು. ಎರಡು ತಿಂಗಳಿಗೆ ನಿಲ್ಲುವ ಪೈರಜಿನಮೈಡ್ ಎಂಬ ಔಷಧ ರಕ್ತದಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ. ಅದರಿಂದ ಕೀಲುಗಳು ನೋಯುವುದು ಆ ವೈದ್ಯೆಗೆ ದಿನನಿತ್ಯದ ಸಂಗತಿ. ನೋವಿಗೆ ಸಾದಾ ಮಾತ್ರೆ ಕೊಟ್ಟರು. ನಿಲ್ಲಿಸಿದ ಮಾತ್ರೆಗಳನ್ನು ಆ ದಿನವೇ ತಮ್ಮೆದುರಿನಲ್ಲಿ ನುಂಗಿಸಿದರು. ಎ.ಎನ್.ಎ. ಕ್ಷಯದಿಂದ ಬಂದಿರಬಹುದು, ಐಸೋನಯಜಿಡ್‌ನಿಂದ ಬಂದಿರಬಹುದು, ಮೊದಲಿನಿಂದಲೂ ಇದ್ದಿರಬಹುದು, ಮತ್ತೆ ಮತ್ತೆ ಮಾಡಿಸಿ ದುಡ್ಡು ಕಳೆಯಬೇಡಿ ಎಂದರು.

"ಅಂದ್ರ ನನಗೇನೂ ಆಗಿಲ್ಲೇನ್ರಿ ಸರ?" ಎಂದು ಆ ತಾಯಿ ನಮ್ಮನ್ನೇ ಕೇಳಿದರು.

"ಟೀಬಿ ಐತೆವ್ವಾ, ಅದು ವಾಸಿ ಆಗ್ತೈತಿ. ಗುಳಿಗಿ ಒಂದು ಬಿಡಬ್ಯಾಡ" ಎಂದೆವು.

ಮೂರನೆಯ ತಿಂಗಳಿನಲ್ಲಿ ನೋವು ಕಡಿಮೆಯಾಯಿತು. ಆರು ತಿಂಗಳು ಮುಗಿಸಿ ಆಕೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಆ ಕಾಗದ ಅವರ ಮನೆಯ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಪಕ್ಕದಲ್ಲಿದೆ. ಅದರ ಹಿಂಬದಿಯಲ್ಲಿ ಆಕೆಯೇ ಕನ್ನಡದಲ್ಲಿ ಬರೆದಿಟ್ಟಿದ್ದಾಳೆ: 'ಅವ್ವನ ರಕ್ತ. 1:80. ಟೀಬಿ ಗುಳಿಗಿ ನಡೆದಾಗ ತೆಗೆದದ್ದು.'